ಜಾಬರ್ ಕೊಟ್ರಪ್ಪನ ಎರಡನೆಯ ಗಂಟಲು

ನಾನೊಂದು ಗಂಟಲು. ಮಾಂಸದ್ದಲ್ಲ, ತಗಡಿನದು. ಮೂರು ಪೆನ್ಸಿಲ್ ಸೆಲ್ಲು ಹಿಡಿಯುವ ಹಳೆಯ ಟಾರ್ಚೊಂದರ ಕೊಳವೆ ನನ್ನ ಮೈ. ಬಲ್ಬು ಕೂರುತ್ತಿದ್ದ ಜಾಗದಲ್ಲಿ, ಸತ್ತ ರೇಡಿಯೋದಿಂದ ಕಿತ್ತ ಪುಟ್ಟ ಸ್ಪೀಕರ್ ನನ್ನ ಬಾಯಿ. ಬಾಯಿಗೂ ಸೆಲ್ಲುಗಳಿಗೂ ನಡುವೆ, ಬೆಂಕಿಪೊಟ್ಟಣದ ಅರ್ಧದಷ್ಟು ಹಲಗೆಯ ಮೇಲೆ ಎರಡು ಟ್ರಾನ್ಸಿಸ್ಟರು, ನಾಲ್ಕಾರು ಬಿಡಿಭಾಗ, ಅವನ್ನೆಲ್ಲ ಹಿಡಿದಿಟ್ಟ ಹದಿನಾಲ್ಕು ಬೆಸುಗೆ. ಬದಿಯ ಗುಂಡಿ ಒತ್ತಿದರೆ ದುಂಬಿಯಂತೆ ಮೊರೆಯುತ್ತೇನೆ. ಅದೊಂದೇ ನಾನು ಕಲಿತ ವಿದ್ಯೆ.

ಆದರೆ ಗಂಟಲ ಗೂಡನ್ನು ಕೊಯ್ಯಿಸಿಕೊಂಡವನೊಬ್ಬ ನನ್ನನ್ನು ದವಡೆಯ ಕೆಳಗೆ ಒತ್ತಿ ಹಿಡಿದರೆ, ನನ್ನ ಮೊರೆತ ಅವನ ಬಾಯೊಳಕ್ಕೆ ಇಳಿಯುತ್ತದೆ. ನಾಲಗೆ, ಹಲ್ಲು, ತುಟಿಗಳು ಅದನ್ನು ಕಡೆದು ಮಾತಾಗಿಸುತ್ತವೆ. ಸದ್ದು ನನ್ನದು, ಮಾತು ಅವನದು. ಈ ವ್ಯತ್ಯಾಸವನ್ನು ಓದುಗರು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮುಂದೆ ನನ್ನ ಬಾಯಿಂದ ಬಿದ್ದದ್ದನ್ನೆಲ್ಲ ನನ್ನ ಮೇಲೆ ಹಾಕಬೇಡಿ.

ನನ್ನನ್ನು ಹುಟ್ಟಿಸಿದವನು ದಾದಾಪೀರ್. ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಅವನ ರೇಡಿಯೋ ರಿಪೇರಿ ಅಂಗಡಿ. ಇಬ್ಬರು ಒಳಗಿದ್ದರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು. ಐವತ್ತು ದಾಟಿದ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ತೆಳ್ಳನೆಯ ಮನುಷ್ಯ. ಅವನ ಬೆಸುಗೆಗೆ ಓಣಿಯಲ್ಲಿ ಹೆಸರಿತ್ತು. ರಾಳದ ಹೊಗೆ ಎದ್ದು, ಕರಗಿದ ಸೀಸ ತಂತಿಯ ಪಾದವನ್ನು ತಬ್ಬಿ ಹೊಳೆಯುವ ತನಕ ಅವನು ಕಣ್ಣು ಮಿಟುಕಿಸುತ್ತಿರಲಿಲ್ಲ. ಅವನಿಗೊಂದು ನೇಮವೂ ಇತ್ತು, ಗುರುವಿನಿಂದ ಬಂದದ್ದು. ಗಿರಾಕಿಯ ಸೆಲ್ಲಿನಲ್ಲಿ ಪರೀಕ್ಷೆ ಮಾಡಬಾರದು. ಅದು ಅವರ ಮನೆಯ ಎಣ್ಣೆಯಲ್ಲಿ ನಮ್ಮ ದೀಪ ಹಚ್ಚಿದ ಹಾಗೆ. ಆದ್ದರಿಂದ ರಿಪೇರಿಗೆ ಏನೇ ಬರಲಿ, ಮೊದಲು ಸೆಲ್ಲು ತೆಗೆದು ಕಾಗದದಲ್ಲಿ ಸುತ್ತಿಡುತ್ತಿದ್ದ. ಗೋಡೆಯ ಕರೆಂಟನ್ನು ಇಳಿಸಿಕೊಡುವ ಎಲಿಮಿನೇಟರ್ ಪೆಟ್ಟಿಗೆಯ ಎರಡು ತಂತಿಗಳನ್ನು ನೇರವಾಗಿ ಹಲಗೆಗೆ ಕಚ್ಚಿಸಿ ನೋಡುತ್ತಿದ್ದ. ಬಹಳ ಪ್ರಾಮಾಣಿಕವಾದ ಈ ಅಭ್ಯಾಸವೇ ಮುಂದೆ ಅವನನ್ನು ಓಣಿಯ ನಗೆಪಾಟಲು ಮಾಡಿತು.

ಹುಟ್ಟಿದ ದಿನ ಅವನು ಉಸಿರು ಬಿಗಿಹಿಡಿದು ನನ್ನನ್ನು ತನ್ನ ಕೊರಳಿಗೇ ಒತ್ತಿ ಬರಿಯ ತುಟಿಯಾಡಿಸಿದ. "ಬಿಸ್ಮಿಲ್ಲಾ" ಎಂದೆ ನಾನು. ಅವನ ಕಣ್ಣು ತುಂಬಿತು. ನನ್ನ ಮೊದಲ ಮಾತು ದೇವರ ಹೆಸರಾಗಿತ್ತು ಎಂದು ಹೇಳಿಕೊಳ್ಳುವ ಹಕ್ಕು ನನಗಿದೆ. ಎರಡನೆಯ ಮಾತಿನ ಸಂಗತಿ ಬೇರೆ.

ನನ್ನ ಯಜಮಾನ ಕೊಟ್ರಪ್ಪ, ಬಟ್ಟೆ ಮಿಲ್ಲೊಂದರಲ್ಲಿ ಅದು ಮುಚ್ಚುವ ತನಕ ಜಾಬರ್ ಆಗಿದ್ದವನು. ಮಗ್ಗಗಳ ಸಾಲಿಗೆ ಮೇಸ್ತ್ರಿಯಾಗಿ ನಿಲ್ಲುವವನಿಗೆ ಅಲ್ಲಿ ಹಾಗೆನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷ ಮಗ್ಗದ ಸದ್ದನ್ನು ಮೀರಿ ಕೂಗಿ ಕೂಗಿ, ಅವನ ಕೂಗು ಮನೆಗೂ ಅದೇ ಅಳತೆಯಲ್ಲಿ ಬರುತ್ತಿತ್ತು. ಮಿಲ್ಲಿನ ಚಾಳಿನ ಎರಡು ಕೋಣೆಯ ಮನೆ ಅದು. ಅಲ್ಲಿ ಅವನ ಹೆಂಡತಿ ಹಾಲಮ್ಮ ಗೋಡೆಗೆ ಮೈ ತಾಗಿಸಿಕೊಂಡೇ ನಡೆಯುತ್ತಿದ್ದಳು. ಒಬ್ಬಳೇ ಮಗಳು ಸರ್ವಮಂಗಳಾ ಐದನೆಯ ವಯಸ್ಸಿನಿಂದ ಉಗ್ಗುತ್ತಿದ್ದಳು. ಯಾರಾದರೂ ಹೆಸರು ಕೇಳಿದರೆ 'ಮಂಗಳಾ' ಎನ್ನುವಷ್ಟರಲ್ಲಿ ಅವಳ 'ಮ' ನಾಲ್ಕು ಸಲ ಬಾಗಿಲಿಗೆ ಬಂದು ಒಳಗೋಡುತ್ತಿತ್ತು. ಅಪ್ಪ ಎದುರಿಗಿದ್ದರೆ ಹೊರಗೇ ಬರುತ್ತಿರಲಿಲ್ಲ.

ಆಮೇಲೆ ಕೊಟ್ರಪ್ಪನಿಗೆ ಗಂಟಲಲ್ಲಿ ಹುಣ್ಣಾಯಿತು. ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ಕೊಯ್ದು ತೆಗೆದರು. ಉಸಿರಾಟಕ್ಕೆ ಕೊರಳಲ್ಲೊಂದು ತೂತು ಉಳಿಸಿದರು. ಸಹಿ ಮಾಡುವಷ್ಟೇ ಅಕ್ಷರ ಬಲ್ಲ ಮನುಷ್ಯ, ಬರೆದು ತಿಳಿಸುವಂತಿರಲಿಲ್ಲ. ಎರಡು ವರ್ಷ ಅವನು ಚಮಚದಿಂದ ತಟ್ಟೆ ಬಡಿದ. ಹಾಲಮ್ಮ ಅವನ ತುಟಿ ಓದುವುದನ್ನು ಕಲಿತಳು. ಆ ಎರಡು ವರ್ಷದಲ್ಲಿ ಮನೆಯಲ್ಲಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಮಂಗಳಾಳ ಉಗ್ಗು, ಬಿಸಿಲಿಗಿಟ್ಟ ಒದ್ದೆ ಬಟ್ಟೆಯಂತೆ, ಯಾರಿಗೂ ಗೊತ್ತಾಗದೆ ಆರಿತು. ಇಪ್ಪತ್ತಾರರ ಹುಡುಗಿ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ ಕತೆ ಹೇಳತೊಡಗಿದಳು. ಎರಡು ಓಣಿ ಆಚೆಯ ಶಿಶುವಿಹಾರದ ದೊಡ್ಡ ಮೇಡಂ ವಿಶಾಲಾಕ್ಷಿ ಅದನ್ನು ಕೇಳಿಸಿಕೊಂಡು, ಜೂನ್ ಮೊದಲ ಸೋಮವಾರ ಬಂದು ಮಕ್ಕಳೆದುರು ಒಂದು ಪಾಠ ಹೇಳಿ ತೋರಿಸು, ಹಿಡಿಸಿದರೆ ಕೆಲಸ ನಿನ್ನದೇ ಎಂದಿದ್ದರು.

ನಾನು ಆ ಮನೆಗೆ ಹೋದದ್ದು ಅದೇ ವರ್ಷದ ಫೆಬ್ರವರಿಯಲ್ಲಿ.

ಹಾಲಮ್ಮ ಊದುಬತ್ತಿ ಹಚ್ಚಿ ನನಗೆ ಕುಂಕುಮವಿಟ್ಟಳು. ಚಾಳಿನವರು ಬಾಗಿಲಲ್ಲಿ ಗುಂಪು ಕಟ್ಟಿದರು. ದಾದಾಪೀರ್ ನನ್ನನ್ನು ಯಜಮಾನನ ದವಡೆಯ ಕೆಳಗೆ ಕೂರಿಸಿ, ಗುಂಡಿ ತೋರಿಸಿ, ಮನಸ್ಸಿಗೆ ಬಂದ ಮೊದಲ ಮಾತು ಹೇಳಿರೆಂದ. ಕೊಟ್ರಪ್ಪನ ಕಣ್ಣು ಸುತ್ತ ತಿರುಗಿ ಮಗಳ ಮೇಲೆ ನಿಂತಿತು. ಅವಳು ನಗುತ್ತಿದ್ದಳು. ಎರಡು ವರ್ಷದ ಮೇಲೆ ಅಪ್ಪನ ಬಾಯಿಂದ ಬರುವ ಮೊದಲ ಶಬ್ದಕ್ಕೆ ಅವಳು ನಿಜವಾಗಿಯೂ ಕಾದಿದ್ದಳು.

"ಉಗ್ಗೀ," ಎಂದೆ ನಾನು.

ಜನ ನಕ್ಕರು. ಯಂತ್ರ ಮಾತಾಡಿತಲ್ಲ ಎಂಬ ಸಂತೋಷಕ್ಕೆ ನಕ್ಕರೇ ಹೊರತು ಮಾತಿಗಲ್ಲ. ಮಂಗಳಾ ಕೂಡ ನಗುವನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದಳು.

ಹಳೆಯ ಗಂಟಲಿಗೆ ಇಲ್ಲದ ಒಂದು ಅನುಕೂಲ ನನ್ನಲ್ಲಿದೆಯೆಂದು ಯಜಮಾನನಿಗೆ ವಾರದೊಳಗೆ ಹೊಳೆಯಿತು. ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತಿದರೆ ಮಾತು ತುಂಡಾಗುತ್ತದೆ. ಮಗಳು ಬಾಯಿ ತೆರೆದಳೆಂದರೆ ಅವನ ಹೆಬ್ಬೆರಳು ನನ್ನ ಮೇಲೆ ಕುಣಿಯುತ್ತಿತ್ತು. "ಮ-ಮ-ಮ-ಮಂಗಳಾ." ಚಾಳಿನ ಕಟ್ಟೆಯಲ್ಲಿ, ಬಂದವರ ಎದುರಿಗೆ, ಊಟಕ್ಕೆ ಕೂತಾಗ, ಅವಳ ಉಗ್ಗನ್ನು ಅವಳಿಗಿಂತ ಚೆನ್ನಾಗಿ ನಾನು ಉಗ್ಗಿದೆ. ಯುಗಾದಿಯ ಹೊತ್ತಿಗೆ ಅವಳ ನಾಲಗೆ ಮತ್ತೆ ತಡವರಿಸತೊಡಗಿತು. ಕಟ್ಟೆಯ ಮಕ್ಕಳಿಗೆ ಕತೆ ನಿಂತಿತು.

ಆ ನಡುವೆ ನಾನೊಮ್ಮೆ ನಿಜವಾಗಿಯೂ ಕೆಟ್ಟೆ. ಸ್ಪೀಕರಿನ ಒಂದು ತಂತಿಯ ಬೆಸುಗೆ ಒಣಗಿತ್ತು. ರಿಪೇರಿಯವರ ಭಾಷೆಯಲ್ಲಿ ಅದು ಡ್ರೈ ಸೋಲ್ಡರ್. ಸೀಸ ಮೇಲೆ ಕೂತಿರುತ್ತದೆ, ತಂತಿಯನ್ನು ಹಿಡಿದಿರುವುದಿಲ್ಲ. ದಾದಾಪೀರ್ ಒಂದು ಕಡ್ಡಿಯಿಂದ ಒಂದೊಂದೇ ಕಾಲನ್ನು ಅಲುಗಿಸುತ್ತ ಬಂದು, ಎಲ್ಲಿ ಅಲುಗಿದಾಗ ನಾನು ಕೆಮ್ಮಿದೆನೋ ಅಲ್ಲಿಗೆ ಕಾದ ಬೆಸುಗೆ ಕಡ್ಡಿಯಿಟ್ಟು, ಮಸುಕಾದ ಹನಿಯನ್ನು ಕರಗಿಸಿ ಹೊಸದಾಗಿ ಹೊಳೆಯಿಸಿದ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಮತ್ತು ಅದರ ಹಿಂದಿನ ಮೂರು ದಿನ ನಾನು ಅಂಗಡಿಯಲ್ಲಿದ್ದೆ. ಆ ಮೂರು ದಿನ ಮನೆಯಲ್ಲಿ ಮಂಗಳಾ ಹೇಗೆ ಮಾತಾಡಿದಳೆಂಬುದನ್ನು ಹಾಲಮ್ಮ ಕಿವಿಗೊಟ್ಟು ಕೇಳಿದ್ದಳು. ಬಹುಶಃ ಆಗಲೇ ಅವಳಿಗೆ ಆ ಯೋಚನೆ ಬಂದಿರಬೇಕು.

ಏಪ್ರಿಲಿನಲ್ಲಿ ಹರಪನಹಳ್ಳಿಯಿಂದ ಒಂದು ಸಂಬಂಧ ಬಂತು. ವರ ನಲವತ್ತೇಳರ ವಿಧುರ, ಯಜಮಾನನ ಮಿಲ್ಲಿನ ಕಾಲದ ಗೆಳೆಯನ ಅಣ್ಣ. ಮನೆಯಲ್ಲಿ ಮಾತಾಡದ ಹೆಣ್ಣು ಬೇಕೆಂದು ಅವನೇ ಹೇಳಿ ಕಳಿಸಿದ್ದ. ಕೊಟ್ರಪ್ಪ ಒಪ್ಪಿದ. ಮಂಗಳಾ ತಾಯಿಯ ಮೂಲಕ ಹೇಳಿಸಿದಳು, ಶಿಶುವಿಹಾರದ ಕೆಲಸ ಸಿಕ್ಕರೆ ಮದುವೆ ಒಲ್ಲೆ, ಸಿಗದಿದ್ದರೆ ಅಪ್ಪ ಹೇಳಿದಂತೆ. ಯಜಮಾನ ನನ್ನನ್ನು ಕೊರಳಿಗೊತ್ತಿ ನಗುವಿನಂಥದ್ದೊಂದು ಮೊರೆತ ಹೊರಡಿಸಿ, "ಜೂನ್ ಸೋಮವಾರ ಬರ್ಲಿ. ಬಾಯಿ ಬಿಡ್ಲಿ ನೋಡ್ತೀನಿ," ಎಂದ.

ಮೇ ತಿಂಗಳ ಮೊದಲ ವಾರದಿಂದ ನಾನು ಮೂಗನಾದೆ.

ಗುಂಡಿ ಒತ್ತಿದರೆ ಸದ್ದಿಲ್ಲ. ಯಜಮಾನ ನನ್ನನ್ನು ಅಂಗೈಗೆ ಬಡಿದ, ಸೆಲ್ಲನ್ನು ಬಿಸಿಲಿಗಿಟ್ಟ, ಹೊಸ ಸೆಲ್ಲು ತರಿಸಿದ. ಸದ್ದಿಲ್ಲ. ಹಾಲಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಒಯ್ದಳು. ದಾದಾಪೀರ್ ನೇಮದಂತೆ ಸೆಲ್ಲು ತೆಗೆದು ಕಾಗದದಲ್ಲಿ ಸುತ್ತಿಟ್ಟು, ಎಲಿಮಿನೇಟರಿನ ತಂತಿ ಕಚ್ಚಿಸಿದ. ನಾನು ಗುಂಯ್ಯೆಂದು ಮೊರೆದೆ. ಅವನು ಕಣ್ಣುಜ್ಜಿಕೊಂಡು ಎಲ್ಲ ಬೆಸುಗೆಗಳನ್ನೂ ನೋಡಿ, ಸಂಶಯ ಬಂದ ಎರಡನ್ನು ಮತ್ತೆ ಕಾಯಿಸಿ ಕಳಿಸಿದ. ಮನೆಗೆ ಬಂದರೆ ಮತ್ತೆ ಮೂಗ. ಮತ್ತೆ ಅಂಗಡಿ, ಮತ್ತೆ ಮೊರೆತ, ಮತ್ತೆ ಮನೆ, ಮತ್ತೆ ಮೌನ. ಮೂರನೆಯ ಸಲ ಅವನು ಸಂಶಯವಿಲ್ಲದ ಬೆಸುಗೆಗಳನ್ನೂ ಕಾಯಿಸಿದ. ಕಾದು ಕಾದು ನನ್ನ ಹಲಗೆಯ ತಾಮ್ರದ ಗೆರೆ ಒಂದು ಕಡೆ ಸಿಪ್ಪೆಯಂತೆ ಎದ್ದಿತು. ಅವನು ಅದರ ಮೇಲೆ ತಂತಿಯ ತುಂಡೊಂದನ್ನು ಹಾಸಿ ಮುರಿದ ಮೂಳೆ ಕಟ್ಟುವಂತೆ ಕಟ್ಟಿದ. ಆರೋಗ್ಯವಂತನನ್ನು ಹಾಸಿಗೆಗೆ ಕಟ್ಟಿ ಬರೆ ಎಳೆದರೆ ಹೇಗೋ ಹಾಗಿತ್ತು ನನ್ನ ಪಾಡು.

ಯಜಮಾನ ಮಾತಿಲ್ಲದೆಯೂ ಸುಮ್ಮನಿರಲಿಲ್ಲ. ಚಹದಂಗಡಿಯಲ್ಲಿ ನನ್ನನ್ನು ಎತ್ತಿ ತೋರಿಸಿ, ಹಲಗೆಯ ಕಡೆಗೆ ಬೆರಳು ಮಾಡಿ, ಥೂ ಎಂದು ಉಗುಳುತ್ತಿದ್ದ. ದಾದಾಪೀರನದು ಎಂಜಲು ಬೆಸುಗೆ ಎಂಬ ಮಾತು ಓಣಿಗೆ ಹಬ್ಬಿತು. ರೇಡಿಯೋ ತರುತ್ತಿದ್ದ ಇಬ್ಬರು ಮುಂದಿನ ಅಂಗಡಿಗೆ ಹೋದರು. ಅವನು ಊಟದ ಹೊತ್ತಿನಲ್ಲೂ ನನ್ನ ನಕ್ಷೆಯನ್ನು ಕಾಗದದ ಮೇಲೆ ಬರೆದು ಬರೆದು ನೋಡುತ್ತಿದ್ದ.

ನನಗೆ ಗೊತ್ತಿತ್ತು. ಹೇಳಲು ನನಗೆ ಮಾತಿಲ್ಲ, ಸದ್ದು ಮಾತ್ರ. ಆ ಸದ್ದನ್ನೂ ಹಾಲಮ್ಮ ಕಟ್ಟಿಹಾಕಿದ್ದಳು. ಜಾಬರ್ ಕೊಟ್ರಪ್ಪನಿಗೆ ಅಂಗಿ ಎಂದರೆ ಗಂಜಿ ಹಾಕಿ ತಗಡಿನಂತೆ ನಿಲ್ಲಬೇಕು. ಮಿಲ್ಲು ಮುಚ್ಚಿದ ಮೇಲೂ ಆ ಠೀವಿ ಬಿಟ್ಟಿರಲಿಲ್ಲ. ವಾರಕ್ಕೆರಡು ಸಲ ಅವಳು ಅನ್ನದ ಗಂಜಿ ಸೋಸಿ, ಒಂದು ಹನಿ ನೀಲಿ ಬೆರೆಸಿ ಅಂಗಿ ಅದ್ದುತ್ತಿದ್ದಳು. ಯಜಮಾನ ಸ್ನಾನಕ್ಕೆ ಹೋದಾಗ ಅದೇ ಗಂಜಿಯಲ್ಲಿ ಕಿರುಬೆರಳು ಅದ್ದಿ, ಸೆಲ್ಲಿನ ತಲೆ ತಾಗುವ ನನ್ನ ಹಿತ್ತಾಳೆ ಬಿಲ್ಲೆಯ ಮೇಲೆ ಸವರಿದಳು. ಒಣಗಿದ ಗಂಜಿ ಕಣ್ಣಿಗೆ ಕಾಣದು, ಕರೆಂಟನ್ನು ದಾಟಗೊಡದು. ಯಜಮಾನ ಸಂಶಯಪಟ್ಟು ನನ್ನನ್ನು ಬಚ್ಚಲಿಗೂ ಒಯ್ಯತೊಡಗಿದ ಮೇಲೆ, ಅಂಗಡಿಯಿಂದ ತಂದ ಹೊಸ ಸೆಲ್ಲುಗಳ ತಲೆಗೇ ಸವರಿ ಒಣಗಿಸಿ ಕೊಡುತ್ತಿದ್ದಳು. ಸೆಲ್ಲು ಬದಿಗಿಟ್ಟು ಪರೀಕ್ಷೆ ಮಾಡುವ ದಾದಾಪೀರನಿಗೆ ಇದು ಹೇಗೆ ಸಿಗಬೇಕು?

ಶಿಶುವಿಹಾರದ ಸೋಮವಾರಕ್ಕೆ ಇನ್ನು ಎರಡು ದಿನ ಇತ್ತು. ಶನಿವಾರ ಬೆಳಿಗ್ಗೆ ಕೊಟ್ರಪ್ಪ ನನ್ನನ್ನೂ, ಹಿಂದಿನ ದಿನ ಹಾಕಿದ್ದ ಸೆಲ್ಲುಗಳನ್ನೂ, ಹೆಂಡತಿಯನ್ನೂ ಕರೆದುಕೊಂಡು ತಾನೇ ಅಂಗಡಿಗೆ ನಡೆದ. ಹಾಲಮ್ಮನನ್ನು ಕರೆತಂದದ್ದು ಅವನ ತುಟಿ ಓದಿ ಹೇಳುವವರು ಬೇರೆ ಇಲ್ಲದ್ದರಿಂದ. ಎದುರಿನ ಚಹದಂಗಡಿಯ ನಾಲ್ಕು ಜನ ಲೋಟ ಹಿಡಿದು ಬಂದು ನಿಂತರು.

ಯಜಮಾನ ತುಟಿಯಾಡಿಸಿದ. ಹಾಲಮ್ಮ ನೆಲ ನೋಡುತ್ತ ಹೇಳಿದಳು: "ಎಲಿಮಿನೇಟರ್ ಬ್ಯಾಡ ಅಂತಾರೆ. ಇದೇ ಸೆಲ್ಲು ಹಾಕಿ, ನನ್ನ ಕಣ್ಣೆದುರಿಗೆ ನೋಡು ಅಂತಾರೆ."

ದಾದಾಪೀರ್ ತನ್ನ ನೇಮ ಹೇಳಿದ. ಯಜಮಾನ ಕೊಡೆಯ ತುದಿಯಿಂದ ಮೇಜು ಕುಟ್ಟಿ ಮತ್ತೆ ತುಟಿಯಾಡಿಸಿದ. ಹಾಲಮ್ಮ ತಡೆದಳು. ಅವನು ಅವಳ ಮೊಣಕೈ ತಿವಿದ.

"ಮನ್ಯಾಗೆ..." ಅವಳ ಧ್ವನಿ ಇಳಿಯಿತು. "ಮನ್ಯಾಗೆ ಯಾರೋ ಇದಕ್ಕೆ ಕೈ ಹಾಕ್ಯಾರೆ ಅಂತಾರೆ. ಸಿಕ್ಕರೆ ಆ ಕೈ ಮುರೀತೀನಿ ಅಂತಾರೆ."

ತನ್ನ ಮೇಲಿನ ಆರೋಪವನ್ನು ಅವಳು ತನ್ನ ಬಾಯಿಂದಲೇ ಹೇಳಿದ್ದಳು. ಚಹದವರಲ್ಲೊಬ್ಬ, ಅಮ್ಮಾರು ಯಜಮಾನರಿಗಿಂತ ಸ್ಪಷ್ಟವಾಗಿ ಬೈತಾರೆ ಎಂದು ನಗೆಯಾಡಿದ.

ದಾದಾಪೀರ್ ಮೊದಲ ಸಲ ಗುರುವಿನ ಮಾತು ಮುರಿದ. ಮೀಟರಿನ ಕಡ್ಡಿಯ ಮೊನೆಯನ್ನು ಒಂದೊಂದು ಸೆಲ್ಲಿನ ತಲೆಗೂ ಒತ್ತಿ ತಿರುಗಿಸಿ ನೋಡಿದ. ಮೂರೂ ಜೀವಂತ. ನನ್ನೊಳಗೆ ಇಳಿಸಿದ. ಗುಂಡಿ ಒತ್ತಿದ. ಮೌನ. ಮೀಟರಿನ ಕೆಂಪು ಕಡ್ಡಿಯನ್ನು ಹಲಗೆಗೆ ಹಿಡಿದ. ಮುಳ್ಳು ಸೊನ್ನೆಯಿಂದ ಮೇಲೇಳಲಿಲ್ಲ. ಸೆಲ್ಲಿನಲ್ಲಿ ಕರೆಂಟು ಇದೆ, ಹಲಗೆಗೆ ಬಂದಿಲ್ಲ, ನಡುವೆ ತಂತಿಯೇ ಇಲ್ಲ. ಇರುವುದು ಒಂದು ಬಿಲ್ಲೆ, ಒಂದು ಸೆಲ್ಲಿನ ತಲೆ. ಅವನ ಕೈ ಅಲ್ಲಿಗೇ ನಿಂತಿತು. ಸೆಲ್ಲು ಹೊರತೆಗೆದು ಉಗುರಿನಿಂದ ಅದರ ತಲೆ ಕೆರೆದ. ಈರುಳ್ಳಿಯ ಒಳಪೊರೆಯಂಥ ತೆಳು ಚೂರೊಂದು ಎದ್ದಿತು. ಬೆಳಕಿಗೆ ಹಿಡಿದರೆ ಅದರಲ್ಲಿ ಕಂಡೂ ಕಾಣದ ನೀಲಿ. ಅವನು ಅದನ್ನು ನಾಲಗೆಯ ತುದಿಗೆ ಮುಟ್ಟಿಸಿದ.

ನಾನು ಮೇಜಿನ ಮೇಲೆ ಅಂಗಾತ ಬಿದ್ದಿದ್ದೆ. ಅವನ ಮುಖ ನನ್ನ ಮೇಲೇ ಬಾಗಿತ್ತು. ಕಣ್ಣು ಮೊದಲು ಯಜಮಾನನ ಅಂಗಿಯ ಕಾಲರಿಗೆ ಹೋಯಿತು. ತಗಡಿನಂತೆ ನಿಂತ, ತುಸುವೇ ನೀಲಿ ಬಿಳುಪಿನ ಕಾಲರು. ಅಲ್ಲಿಂದ ಹಾಲಮ್ಮನ ಬೆರಳುಗಳಿಗೆ ಬಂತು. ಆ ಬೆರಳುಗಳು ಸೆರಗಿನ ಅಂಚನ್ನು ಹಗ್ಗ ಹೊಸೆದಂತೆ ಹೊಸೆಯುತ್ತಿದ್ದವು. ತಿಂಗಳಿಡೀ ಓಣಿ ತನ್ನ ಮೇಲೆ ಉಗುಳಿದ್ದು ಏತಕ್ಕೆಂದು ಅವನಿಗೆ ಒಂದೇ ಗುಟುಕಿನಲ್ಲಿ ತಿಳಿಯಿತು. ನಾಲ್ಕು ಜನ ಸಾಕ್ಷಿಗಳು ಎದುರಿಗೇ ಇದ್ದಾರೆ. ಆ ಚೂರನ್ನು ಎತ್ತಿ ತೋರಿಸಿದರೆ ಮೂವತ್ತು ವರ್ಷದ ಹೆಸರು ತೊಳೆದು ಬರುತ್ತದೆ.

ಯಜಮಾನ ತುಟಿಯಾಡಿಸಿದ.

"ಏನ್ ಸಿಕ್ತು ಅಂತಾರೆ," ಎಂದಳು ಹಾಲಮ್ಮ.

ದಾದಾಪೀರ್ ಚೂರನ್ನು ನುಂಗಿಬಿಟ್ಟ.

"ತಪ್ಪು ನಂದೇ ಯಜಮಾನ್ರೇ," ಎಂದ. "ನನ್ನ ಬೆಸುಗೆನೇ ಹಿಡಿದಿರ್ಲಿಲ್ಲ. ಒಂದು ವಾರ ಬಿಡ್ರಿ, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಡ್ತೀನಿ."

ಒಂದು ವಾರವೆಂದರೆ ಸೋಮವಾರ ದಾಟುತ್ತದೆ. ಹಾಲಮ್ಮನ ಬೆರಳು ನಿಂತವು. ಆದರೆ ಯಜಮಾನ ತಲೆಯಾಡಿಸಿ ಕೊಡೆಯಿಂದ ಕಾದ ಬೆಸುಗೆ ಕಡ್ಡಿಯನ್ನು ತೋರಿಸಿದ. ಅದನ್ನು ಓದಿ ಹೇಳುವ ಅಗತ್ಯವಿರಲಿಲ್ಲ. ಈಗಲೇ.

ಬೇರೆ ದಾರಿ ಕಾಣದೆ ದಾದಾಪೀರ್ ಬೆಸುಗೆಯ ನಾಟಕ ಮಾಡಿದ. ಹೊಗೆ ಎಬ್ಬಿಸಿ, ಆ ಹೊಗೆಯ ಮರೆಯಲ್ಲಿ ಬಿಲ್ಲೆಯನ್ನೂ ಸೆಲ್ಲುಗಳ ತಲೆಯನ್ನೂ ಬಟ್ಟೆಯಿಂದ ತಿಕ್ಕಿದ. ಗುಂಡಿ ಒತ್ತಿದ. ತಿಂಗಳ ಮೇಲೆ ಕರೆಂಟು ಮೈಗೆ ಹರಿದಾಗ ನನಗಾದ ಸುಖವನ್ನು ಮುಚ್ಚಿಡಲಾರೆ; ನಾನು ಓಣಿ ತುಂಬ ಮೊರೆದೆ. ಯಜಮಾನ ನನ್ನನ್ನು ಕಿತ್ತುಕೊಂಡು ಕೊರಳಿಗೊತ್ತಿದ.

"ಎಂಜಲು ಬೆಸುಗೆ. ಸಾಬನೇ ಒಪ್ಕಂಡ ಕೇಳ್ರಪಾ," ಎಂದೆ ನಾನು, ನನ್ನನ್ನು ಹುಟ್ಟಿಸಿದವನ ಮುಖಕ್ಕೆ. ಚಹದವರು ನಕ್ಕರು. ಅವನು ತಲೆ ತಗ್ಗಿಸಿ ಬೆಸುಗೆ ಕಡ್ಡಿಯ ಪ್ಲಗ್ಗು ತೆಗೆದ.

ಎರಡು ರಾತ್ರಿ ಯಜಮಾನ ನನ್ನನ್ನು ದಿಂಬಿನಡಿ ಇಟ್ಟುಕೊಂಡೇ ಮಲಗಿದ. ಸೋಮವಾರ ಬೆಳಿಗ್ಗೆ ಮಂಗಳಾ ಹೊರಟ ಕಾಲು ಗಂಟೆಗೆ ಯಜಮಾನ ಇಸ್ತ್ರಿಯ ಅಂಗಿ ತೊಟ್ಟ. ಹಾಲಮ್ಮ ಅವನ ಚಪ್ಪಲಿ ಬಚ್ಚಿಟ್ಟಿದ್ದಳು. ಅವನು ಹುಡುಕಲಿಲ್ಲ. ಕೊಡೆಯ ಹಿಡಿಯಿಂದ ಅವಳ ಮೊಣಕೈಗೆ 'ಟಕ್' ಎಂದು ಒಂದೇಟು ಹಾಕಿ, ಬರಿಗಾಲಲ್ಲಿ ನಡೆದ. ಅಂಗಿಯ ಜೇಬಿನಲ್ಲಿ ಅವನ ಎದೆಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು.

ಶಿಶುವಿಹಾರದ ಕೋಣೆಯಲ್ಲಿ ಮೂವತ್ತೆಂಟು ಮಕ್ಕಳು ಚಾಪೆಯ ಮೇಲಿದ್ದರು. ವಿಶಾಲಾಕ್ಷಿ ಮೇಡಂ ಹಿರಿಯರನ್ನು ಕಂಡು, ಮಗಳ ಪಾಠ ನೋಡಲು ಬಂದ ತಂದೆಯ ಅಕ್ಕರೆಗೆ ಮೆಚ್ಚಿ, ಮುಂದುಗಡೆಯೇ ಕುರ್ಚಿ ಹಾಕಿಸಿದರು. ಮಂಗಳಾ ಬೆನ್ನು ತಿರುಗಿಸಿ ಕರಿಹಲಗೆಯ ಮೇಲೆ ಆನೆಯ ಚಿತ್ರ ಬರೆಯುತ್ತಿದ್ದಳು. ತಿರುಗಿದಳು. ಮೊದಲು ನನ್ನನ್ನು ಕಂಡಳು, ಆಮೇಲೆ ಅಪ್ಪನನ್ನು. ಸೀಮೆಸುಣ್ಣ ಅವಳ ಬೆರಳಲ್ಲಿ ಮುರಿಯಿತು.

"ಮ..." ಎಂದಳು. ಮಕ್ಕಳೇ ಎನ್ನಬೇಕಿತ್ತು. "ಮ-ಮ..."

ಹೆಬ್ಬೆರಳು ನನ್ನ ಮೇಲೆ ಇಳಿಯಿತು. "ಮ-ಮ-ಮ-ಮಂಗಳಾ," ಎಂದೆ. "ಮೇಡಂ, ಇದು ಉ-ಉ-ಉಗ್ಗಿ."

ಮಂಗಳಾಳ ತುಟಿ ಬಿಳಿಚಿತು. ಹರಪನಹಳ್ಳಿಯ ಮನೆಯ ಬಾಗಿಲು ತೆರೆದದ್ದು ನನಗೂ ಕಾಣಿಸಿತು.

ಆಗ ಮುಂದಿನ ಸಾಲಿನ, ಹಲ್ಲಿಲ್ಲದ ಪುಟ್ಟ ಹುಡುಗಿಯೊಬ್ಬಳು ಕೊರಳಿಗೆ ಮುಷ್ಟಿ ಒತ್ತಿಕೊಂಡು, "ಝ್ಮ-ಝ್ಮ-ಝ್ಮಂಗಳಾ," ಎಂದಳು.

ಇಂಥ ಸೊಗಸಾದ ಆಟಿಕೆಯನ್ನು ಆ ಮಕ್ಕಳು ಎಂದೂ ಕಂಡಿರಲಿಲ್ಲ. ಪಕ್ಕದವನೂ ಹಾಗೇ ಎಂದ. ಹಿಂದಿನ ಸಾಲೂ ಎಂದಿತು. ಯಜಮಾನ ಎದ್ದು ನಿಂತು ನನ್ನನ್ನು ಬಲವಾಗಿ ಒತ್ತಿ, "ಬಾಯಿ ಮುಚ್ರಲೇ," ಎಂದ. ಮೂವತ್ತೆಂಟು ಮುಷ್ಟಿಗಳು ಮೂವತ್ತೆಂಟು ಕೊರಳಿಗೆ ಹೋದವು. "ಝಾಯಿ ಝುಚ್ರಲೇ."

ಮೇಡಂ ಮಂಗಳಾಳನ್ನು ನೋಡಿದರು. ಒಂದು ಮಾತಿನಿಂದ ಅವಳು ಮಕ್ಕಳನ್ನು ನಿಲ್ಲಿಸಬಹುದಿತ್ತು. ರೋಗಿಯಾದ ತಂದೆ, ಹಿರಿಯ ಜೀವ, ಕೊರಳಲ್ಲಿ ತೂತು. ಅವಳು ಅವನನ್ನು ನೋಡಿದಳು. ಅವನ ಹೆಬ್ಬೆರಳು ಗುಂಡಿ ತಪ್ಪಿ ಜಾರಿದ್ದು ನನಗೆ ಮೊದಲು ತಿಳಿಯಿತು, ಅವಳಿಗೆ ಆಮೇಲೆ. ಅವಳ ಮುಖಕ್ಕೆ ನಿಧಾನವಾಗಿ ರಕ್ತ ಮರಳಿತು. ಅವಳು ಪದ್ಯ ಹೇಳಿಸುವವರಂತೆ ಎರಡೂ ಕೈಗಳನ್ನು ಮೇಲೆತ್ತಿದಳು.

"ಮಕ್ಕಳೇ," ಎಂದಳು. ಒಂದೂ ಅಕ್ಷರ ಎಡವಲಿಲ್ಲ. "ಅಜ್ಜ ಇನ್ನೊಂದು ಸಲ ಹೇಳ್ತಾರೆ. ಎಲ್ಲರೂ ಅವರಿಗಿಂತ ಜೋರಾಗಿ ಹೇಳಬೇಕು. ಅಪ್ಪಾ, ಹೇಳು."

ಅವನು ಹೇಳಲಿಲ್ಲ. ಮಕ್ಕಳು ಕಾಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಮಗ್ಗಗಳನ್ನು ಮೀರಿ ಕೂಗಿದವನು ಮೂವತ್ತೆಂಟು ಮಕ್ಕಳ ಮೊರೆತದ ನಡುವೆ, ನನ್ನನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು, ಬರಿಗಾಲಲ್ಲಿ ಹೊರಗೆ ನಡೆದ. ಮಂಗಳಾ ಕೈ ಇಳಿಸಲಿಲ್ಲ. ಅವನು ಗೇಟು ದಾಟುವ ತನಕ ತಾಳ ಹಾಕಿ ಹೇಳಿಸಿದಳು. ಎಷ್ಟು ಚಂದ ಮಕ್ಕಳನ್ನು ಹಿಡಿದಿಟ್ಟಳೆಂದು ಮೇಡಂ ಅಂದೇ ಕೆಲಸ ಕೊಟ್ಟರು.

ಆಮೇಲೆ ಯಜಮಾನ ತಿಂಗಳುಗಟ್ಟಲೆ ನನ್ನನ್ನು ಕೊರಳಿಗೆ ಒತ್ತಲಿಲ್ಲ. ಓಣಿಯಲ್ಲಿ ಹೊರಟರೆ ಮಕ್ಕಳು ಮುಷ್ಟಿಯನ್ನು ಕೊರಳಿಗಿಟ್ಟುಕೊಂಡು ಹಿಂಬಾಲಿಸುತ್ತಿದ್ದರು. ಹೊರಗೆ ಹೋಗುವುದನ್ನೂ ಬಿಟ್ಟ. ಹರಪನಹಳ್ಳಿಯವರು ಬೇರೆ ಹೆಣ್ಣು ನೋಡಿಕೊಂಡರು. ಹಾಲಮ್ಮ ನನ್ನ ಹೊಟ್ಟೆಯಿಂದ ಮೂರೂ ಸೆಲ್ಲು ತೆಗೆದಳು. ಎರಡು ಅವಳ ಪುಟ್ಟ ರೇಡಿಯೋಕ್ಕೆ ಹೋದವು, ಒಂದು ಗೋಡೆಯ ಗಡಿಯಾರಕ್ಕೆ. ನನ್ನನ್ನು ಅವನ ಮಂಚದ ಪಕ್ಕದ ಗೂಡಿನಲ್ಲಿಟ್ಟಳು. ಅವಳು ಈಗ ಮನೆಯ ನಡುವೆ ನಡೆಯುತ್ತಿದ್ದಳು. ಅಡುಗೆ ಮಾಡುತ್ತ ರೇಡಿಯೋದ ಹಾಡಿಗೆ ದನಿ ಸೇರಿಸುತ್ತಿದ್ದಳು. ಅವನು ತಟ್ಟೆ ಬಡಿದರೆ ಹಾಡು ಮುಗಿದ ಮೇಲೆ ಬರುತ್ತಿದ್ದಳು.

ಅಕ್ಟೋಬರಿನಲ್ಲಿ ಅವನ ಎದೆಯಲ್ಲಿ ಕಫ ಕಟ್ಟಿತು. ಜ್ವರದ ಐದನೆಯ ದಿನ, ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಅವನು ಕೈ ನೀಡಿ ನನ್ನನ್ನು ಕೇಳಿದ. ಹಾಲಮ್ಮ ಕೊಟ್ಟಳು. ಬರಿಹೊಟ್ಟೆಯಲ್ಲಿದ್ದ ನನ್ನನ್ನು ಅವನ ಮುಷ್ಟಿಯಲ್ಲಿಟ್ಟು ಮಂಚದ ಅಂಚಿಗೆ ಕೂತಳು.

ಅವನು ಗುಂಡಿ ಒತ್ತಿದ. ತುಟಿಯಾಡಿತು. ಸದ್ದಿಲ್ಲ. ಮತ್ತೆ ಒತ್ತಿದ. ಅವನ ದವಡೆಗೆ ತಾಗಿದ್ದ ನನಗೆ ಆ ಮಾತು ಸ್ಪಷ್ಟವಾಗಿ ತಿಳಿಯಿತು. ಎರಡೇ ಶಬ್ದ: ಮಂಗಳನ್ನ ಕರಿ. ಎರಡು ವರ್ಷ ಆ ತುಟಿ ಓದಿದವಳಿಗೆ ನನಗಿಂತ ಸ್ಪಷ್ಟವಾಗಿ ತಿಳಿಯಿತು.

"ಪಾಠ ನಡೆದಿರ್ತೈತಿ," ಎಂದಳು ಹಾಲಮ್ಮ. "ಬಿಡೋದು ನಾಲ್ಕೂವರೆಗೆ."

ಶಿಶುವಿಹಾರ ಐದು ನಿಮಿಷದ ದಾರಿ. ಓಣಿಯಲ್ಲಿ ಯಾರನ್ನು ಕೂಗಿದ್ದರೂ ಓಡಿಹೋಗಿ ಕರೆತರುತ್ತಿದ್ದರು. ಅವಳು ಎದ್ದು ಹೊದಿಕೆಯ ಸುಕ್ಕು ಬಿಡಿಸಿ ಮತ್ತೆ ಕೂತಳು. ಅವನು ಒತ್ತಿದ. ಅವೇ ಎರಡು ಶಬ್ದ. ಅವಳು ಅವನ ತುಟಿಯಿಂದ ಕಣ್ಣು ತೆಗೆದು ಗೋಡೆಯತ್ತ ನೋಡಿದಳು. ನಾಲ್ಕಾಯಿತು. ನಾಲ್ಕೂ ಹತ್ತು. ನಾಲ್ಕೂ ಇಪ್ಪತ್ತಕ್ಕೆ ಒತ್ತುವುದು ನಿಂತಿತು. ನಾನು ಅವನ ಬೆರಳುಗಳೊಳಗೆ ನಿಧಾನವಾಗಿ ತಣ್ಣಗಾದೆ.

ಮಂಗಳಾ ಬಂದು, ಅತ್ತು, ತಾಯಿಯನ್ನು ಕೇಳಿದಳು: "ಏನಾದ್ರೂ ಅಂದ್ನಾ ಅವ್ವಾ?"

"ಗಂಟಲೇ ಇಲ್ದೋನು ಏನಂತಾನೆ."

"ಇದನ್ನ ಹಿಡ್ಕಂಡಾನಲ್ಲ."

"ಅಭ್ಯಾಸ," ಎಂದಳು ಹಾಲಮ್ಮ.

ತಿಂಗಳು ಕಳೆದ ಮೇಲೆ ಮಂಗಳಾ ನನ್ನನ್ನು ದಾದಾಪೀರನ ಅಂಗಡಿಗೆ ತಂದಳು. ಅಪ್ಪನಂಥ ರೋಗಿ ಇನ್ಯಾರಾದರೂ ಇದ್ದರೆ ಕೊಡಿ, ಆದರೆ ಕೆಟ್ಟಿದೆ, ಕೊನೆಯ ದಿನ ಮಾತಾಡಲಿಲ್ಲ ಎಂದಳು. ಅವನು ನನ್ನನ್ನು ಬಿಚ್ಚಿ, ಎಲಿಮಿನೇಟರಿನ ತಂತಿ ಕಚ್ಚಿಸಿದ. ನಾನು ತಡವಿಲ್ಲದೆ ಮೊರೆದೆ.

"ಚೆನ್ನಾಗೈತಲ್ಲಮ್ಮ," ಎಂದ. ಹದಿನಾಲ್ಕು ಬೆಸುಗೆಗಳನ್ನೂ ಕಡ್ಡಿಯಿಂದ ಅಲುಗಿಸಿ ನೋಡಿದ. "ಒಳಗೆ ಸೆಲ್ಲು ಇದ್ವಾ?"

"ಸೆಲ್ಲು ಗಡಿಯಾರಕ್ಕೆ..." ಎಂದು ಶುರು ಮಾಡಿದವಳು ನಿಂತಳು. ಜೂನಿನಿಂದ ಸೆಲ್ಲು ಗಡಿಯಾರದಲ್ಲಿದೆ. ತೆಗೆದವಳು ಅವ್ವ. ಅಪ್ಪನ ಕೈಗೆ ನನ್ನನ್ನು ಕೊಟ್ಟವಳೂ ಅವ್ವ. ಅವಳ ಕಣ್ಣು ನನ್ನ ಖಾಲಿ ಕೊಳವೆಯೊಳಗೆ ಬಹಳ ಹೊತ್ತು ಇಳಿದು ನಿಂತಿತು.

"ಏನೋ ಹೇಳಾಕೆ ಹೋಗ್ಯಾನ," ಎಂದಳು ಕೊನೆಗೆ. "ಅಕಿಗೆ ತುಟಿ ಓದಾಕೆ ಬರ್ತೈತಿ."

ದಾದಾಪೀರ್ ತಲೆ ಎತ್ತಲಿಲ್ಲ. ಚಹ ತರಿಸಲೇ ಎಂದು ಕೇಳಿದ. ಅವಳು ಬೇಡವೆಂದು ಕೈಯಾಡಿಸಿ, ಇದು ಇಲ್ಲೇ ಇರಲಿ ಎಂಬಂತೆ ನನ್ನನ್ನು ಅವನ ಕಡೆ ಸರಿಸಿದಳು. ಮನೆಯಲ್ಲಿ ಅವ್ವ ಕಾಯುತ್ತಿರುತ್ತಾಳೆ, ಹೊರಡುತ್ತೇನೆ ಎಂದು ಹೇಳಲು ಬಾಯಿ ತೆರೆದಳು.

"ಅ..." ಎಂದಳು. "ಅ-ಅ-ಅ..."

ದಾದಾಪೀರ್ ಕಾದ. ಆ ಶಬ್ದ ಬರಲೇ ಇಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲಿಳಿದಳು.

ಅದಾಗಿ ಎಷ್ಟೋ ವರ್ಷ. ನಾನು ಈ ಅಂಗಡಿಯ ಮೇಲಿನ ಹಲಗೆಯಲ್ಲಿ, ತಲೆಯೊಡೆದ ಎರಡು ರೇಡಿಯೋಗಳ ನಡುವೆ ಮಲಗಿದ್ದೇನೆ. ನನ್ನನ್ನು ಕೇಳಿಕೊಂಡು ಯಾರೂ ಬಂದಿಲ್ಲ. ದೊಡ್ಡ ಊರುಗಳಲ್ಲಿ ಈಗ ಒಳ್ಳೆಯ ಯಂತ್ರಗಳು ಸಿಗುತ್ತವಂತೆ. ಮನುಷ್ಯನಿಗೆ ಗಂಟಲು ಕೊಡುವುದು ಪುಣ್ಯದ ಕೆಲಸವೆಂದು ನಂಬಿ ದಾದಾಪೀರ್ ನನ್ನನ್ನು ಕಟ್ಟಿದ. ನನ್ನಿಂದ ಬಂದ ಮಾತಿನಲ್ಲಿ ದೇವರ ಹೆಸರು ಒಮ್ಮೆ ಮಾತ್ರ ಇತ್ತು. ಒಳ್ಳೆಯದೆಂದು ಹೇಳಬಹುದಾದ ಇನ್ನೊಂದೇ ಮಾತು ನನ್ನ ಬಳಿಗೆ ಬಂದಾಗ ನನ್ನ ಹೊಟ್ಟೆ ಖಾಲಿಯಿತ್ತು. ಮಂಗಳಾ ನನ್ನನ್ನು ಬಿಟ್ಟುಹೋದ ದಿನದ ಸಂಜೆ ದಾದಾಪೀರ್ ನನ್ನ ಮೈಗೆ ಒಂದು ಚೀಟಿ ಅಂಟಿಸಿದ. ಅಕ್ಷರ ಮಾಸಿದೆ, ಆದರೂ ಓದಬಹುದು: ದೋಷವಿಲ್ಲ.